ತುರ್ಕರು ಕಟ್ಟಿದ ಹೆಬ್ಬಾಗಿಲಿಗೆ ‘ರಷ್ಯನ್ ಬಾಗಿಲು’ ಎಂಬ ಹೆಸರೇಕೆ?

ಪ್ರಶ್ನೆ: ನಾನು ಸರಕು ಹಡಗಿನಲ್ಲಿ ಎಂಜಿನಿಯರ್. ಊರು ಉಡುಪಿಯ ಹತ್ತಿರ. 2019ರಲ್ಲಿ ನಮ್ಮ ಹಡಗು ರಷ್ಯದ ಕಪ್ಪು ಸಮುದ್ರ ತೀರದ ನೊವೊರೊಸ್ಸಿಸ್ಕ್ ಬಂದರಿನಲ್ಲಿ ನಿಂತಿದ್ದಾಗ ಒಂದು ದಿನ ಬಿಡುವು ಸಿಕ್ಕಿತೆಂದು ಅನಾಪಾ ಎಂಬ ಪಟ್ಟಣಕ್ಕೆ ಹೋಗಿದ್ದೆ. ಅಲ್ಲಿ ಹಳೆಯ ಕೋಟೆಯೊಂದರ ಕಲ್ಲಿನ ಹೆಬ್ಬಾಗಿಲು ಮಾತ್ರ ಉಳಿದಿದೆ. ಅದನ್ನು ಎಲ್ಲರೂ ‘ರಷ್ಯನ್ ಬಾಗಿಲು’ ಎನ್ನುತ್ತಾರೆ. ಕರೆದೊಯ್ದ ಟ್ಯಾಕ್ಸಿಯವರು ಇದು ತುರ್ಕರನ್ನು ಗೆದ್ದ ನೆನಪಿಗೆ ರಷ್ಯನ್ನರು ಕಟ್ಟಿಸಿದ ವಿಜಯದ್ವಾರ ಎಂದರು. ಹಡಗಿನ ಗೆಳೆಯರೊಬ್ಬರು ಇದು ಇಟಲಿಯ ಜಿನೋವಾದ ವ್ಯಾಪಾರಿಗಳು ಆರುನೂರು ವರ್ಷಗಳ ಹಿಂದೆ ಕಟ್ಟಿದ್ದು ಎನ್ನುತ್ತಾರೆ. ಇನ್ನೊಬ್ಬರ ಪ್ರಕಾರ ಹಳೆಯದು ಯಾವುದೂ ಇಲ್ಲ, ಇತ್ತೀಚೆಗೆ ಪ್ರವಾಸಿಗರಿಗಾಗಿ ಹೊಸದಾಗಿ ಕಟ್ಟಿದ್ದಾರೆ. ಬಾಗಿಲ ಅಡಿಯಿಂದ ಸಮುದ್ರಕ್ಕೆ ಸುರಂಗವಿದೆ ಎಂಬ ಮಾತೂ ಕಿವಿಗೆ ಬಿತ್ತು. ನಾನು ಓದಿದ ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಈ ಪ್ರವಾಸದ ಬಗ್ಗೆ ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ಮಕ್ಕಳು ಓದುವ ಪುಸ್ತಕ. ತಪ್ಪು ಅಚ್ಚಾಗಬಾರದು. ಯಾರು ಕಟ್ಟಿದ್ದೆಂದು ಬರೆಯಲಿ? ಯಾವ ಹೆಸರಿನಿಂದ ಕರೆಯಲಿ? ‘ರಷ್ಯನ್ನರು ಅನಾಪಾವನ್ನು ವಿಮೋಚನೆಗೊಳಿಸಿದರು’ ಎಂದು ಅಲ್ಲಿ ಕೇಳಿದ ಮಾತನ್ನು ಹಾಗೆಯೇ ಬಳಸಬಹುದೇ? ಚಿತ್ರಗಳನ್ನು ಕಳುಹಿಸಿದ್ದೇನೆ.

ಉತ್ತರ: ನಿಮ್ಮ ಚಿತ್ರಗಳನ್ನು ನೋಡಿದೆ. ಅನಾಪಾಕ್ಕೆ ನಾನು ಹೋದವನಲ್ಲ. ಆದರೆ ಮೂವತ್ತು ವರ್ಷ ನಮ್ಮ ಕಡೆಯ ಕೋಟೆಬಾಗಿಲುಗಳ ದುರಸ್ತಿ ಮತ್ತು ದಾಖಲೆಯ ಕೆಲಸ ಮಾಡಿದ್ದೇನೆ, ಕಪ್ಪು ಸಮುದ್ರದ ತೀರದ ಆಟೊಮನ್ ಕೋಟೆಗಳ ಚರಿತ್ರೆಯನ್ನು ಆಸಕ್ತಿಯಿಂದ ಓದಿಕೊಂಡಿದ್ದೇನೆ. ನೀವು ಕೇಳಿದ ನಾಲ್ಕು ಕಥೆಗಳಲ್ಲಿ ಮೂರರೊಳಗೆ ಒಂದೊಂದು ಚೂರು ನಿಜವಿದೆ, ಆದರೆ ಯಾವುದೂ ಪೂರ್ತಿ ನಿಜವಲ್ಲ. ಗೊಂದಲಕ್ಕೆ ಕಾರಣವೂ ಅದೇ. ಬರೀ ಸುಳ್ಳಾಗಿದ್ದರೆ ನೀವೇ ತಳ್ಳಿಹಾಕುತ್ತಿದ್ದಿರಿ.

ಮೊದಲು ಕಟ್ಟಿದವರ ವಿಷಯ. ಈ ಹೆಬ್ಬಾಗಿಲು ಆಟೊಮನ್ ತುರ್ಕರು 1781ರಿಂದ ಮುಂದಿನ ಎರಡು ಮೂರು ವರ್ಷಗಳಲ್ಲಿ ಎಬ್ಬಿಸಿದ ಅನಾಪಾ ಕೋಟೆಯ ಭಾಗ. ಆ ಕೆಲಸದ ಹೊಣೆ ಹೊತ್ತಿದ್ದವರು ಇಸ್ತಾಂಬುಲ್‌ನಿಂದ ಆ ತೀರಕ್ಕೆ ಅಧಿಕಾರಿಯಾಗಿ ಬಂದಿದ್ದ ಫೆರಾ ಅಲಿ ಪಾಷಾ. ಕೋಟೆಯ ನಕ್ಷೆಗೆ ಫ್ರೆಂಚ್ ಎಂಜಿನಿಯರರ ಮಾರ್ಗದರ್ಶನವಿತ್ತೆಂದು ರಷ್ಯನ್ ಬರಹಗಳು ಹೇಳುತ್ತವೆ. ನೆಲದ ಕಡೆಗೆ ಮುಖಮಾಡಿದ್ದ ಏಳು ಕೊತ್ತಲಗಳು, ಅವುಗಳ ನಡುವಿನ ನೇರ ಗೋಡೆಗಳು, ಹೊರಗೆ ಕಂದಕ, ಸಮುದ್ರದ ಕಡೆ ಕಡಿದಾದ ದಂಡೆ, ಈ ಏರ್ಪಾಡು ಆ ಕಾಲದ ಯುರೋಪಿನ ಕೋಟೆಗಳ ಜಾಡಿನದೇ ಆಗಿದೆ. ಚಿತ್ರದುರ್ಗದಲ್ಲಿ ಹೆಬ್ಬಾಗಿಲನ್ನು ತಿರುವಿನ ಮೇಲೆ ತಿರುವು ಕೊಟ್ಟು ಮರೆಮಾಡಿದ್ದನ್ನು ನೀವು ನೋಡಿರಬಹುದು. ಆನೆಯಾಗಲಿ ಸೈನಿಕರ ಗುಂಪಾಗಲಿ ಓಡಿ ಬಂದು ಬಾಗಿಲಿಗೆ ಗುದ್ದಬಾರದು ಎಂಬುದು ಅಲ್ಲಿಯ ಲೆಕ್ಕ. ಫಿರಂಗಿಗಳ ಕಾಲದ ಕೊತ್ತಲದ ಕೋಟೆಯಲ್ಲಿ ಲೆಕ್ಕ ಬೇರೆ. ಎರಡು ಕೊತ್ತಲಗಳ ನಡುವಿನ ಗೋಡೆಯಲ್ಲಿ ಬಾಗಿಲನ್ನು ಇಟ್ಟರೆ, ಅದರ ಎದುರಿಗೆ ಬಂದವರ ಮೇಲೆ ಎಡಬಲದ ಕೊತ್ತಲಗಳೆರಡರಿಂದಲೂ ಗುಂಡು ಹಾರಿಸಬಹುದು. ನಿಮ್ಮ ಚಿತ್ರದ ಕಮಾನು ಅಷ್ಟೊಂದು ಸರಳವಾಗಿ, ಅಲಂಕಾರವಿಲ್ಲದೆ ಕಾಣುವುದಕ್ಕೆ ಇದೇ ಕಾರಣ. ಅದನ್ನು ಕಾಯುತ್ತಿದ್ದದ್ದು ಎರಡು ಪಕ್ಕದ ಕೊತ್ತಲಗಳು, ಆ ಕೊತ್ತಲಗಳು ಈಗ ಇಲ್ಲ.

ತುರ್ಕರಿಗೆ ಅಲ್ಲಿ ಕೋಟೆ ಏಕೆ ಬೇಕಾಯಿತು ಎಂಬುದನ್ನು ಲೇಖನದಲ್ಲಿ ಒಂದು ಮಾತಿನಲ್ಲಾದರೂ ಹೇಳಿ, ಇಲ್ಲದಿದ್ದರೆ ಮಕ್ಕಳಿಗೆ ಅದು ಬರೀ ಕಲ್ಲಾಗಿ ಉಳಿಯುತ್ತದೆ. 1774ರ ಕುಚುಕ್ ಕೈನಾರ್ಜಾ ಒಪ್ಪಂದದಲ್ಲಿ ಸುಲ್ತಾನರು ಕ್ರಿಮಿಯಾದ ಮೇಲಿನ ಹಿಡಿತವನ್ನೂ ಕೆರ್ಚ್, ಯೆನಿಕಲೆ ಕೋಟೆಗಳನ್ನೂ ಕಳೆದುಕೊಂಡರು. 1783ರಲ್ಲಿ ರಷ್ಯದ ರಾಣಿ ಎರಡನೆಯ ಕ್ಯಾಥರೀನ್ ಕ್ರಿಮಿಯಾವನ್ನು ತನ್ನ ರಾಜ್ಯಕ್ಕೆ ಸೇರಿಸಿಕೊಂಡಳು. ಕುಬಾನ್ ನದಿಯ ದಕ್ಷಿಣ ದಂಡೆಯಲ್ಲಿ ಕಾಲೂರಲು ತುರ್ಕರಿಗೆ ಉಳಿದಿದ್ದದ್ದು ಈ ತೀರ ಮಾತ್ರ. ಬೆಟ್ಟದ ಕಡೆಯ ಸಿರ್ಕಾಸಿಯನ್ನರೊಡನೆ, ಅಂದರೆ ತಮ್ಮನ್ನು ‘ಅದಿಘೆ’ ಎಂದು ಕರೆದುಕೊಳ್ಳುವ ಅಲ್ಲಿಯ ಮೂಲ ಜನರೊಡನೆ, ಸಂಪರ್ಕ ಇಟ್ಟುಕೊಳ್ಳಲು, ವ್ಯಾಪಾರ ನಡೆಸಲು, ಯುದ್ಧ ಬಂದರೆ ರಷ್ಯವನ್ನು ಪಕ್ಕದಿಂದ ಕಾಡಲು ಅನಾಪಾ ಬೇಕಿತ್ತು. ಆ ವ್ಯಾಪಾರದಲ್ಲಿ ಮನುಷ್ಯರ ಮಾರಾಟವೂ ಸೇರಿತ್ತು. ಕಾಕಸಸ್‌ನ ಬೆಟ್ಟಗಳಿಂದ ತಂದ ಗಂಡುಹೆಣ್ಣುಗಳನ್ನು ಹಡಗಿಗೇರಿಸುತ್ತಿದ್ದ ಬಂದರುಗಳಲ್ಲಿ ಅನಾಪಾ ದೊಡ್ಡದು. ಬಾಗಿಲಿನ ಚೆಂದದ ಚಿತ್ರದ ಜೊತೆ ಈ ಸಂಗತಿಯನ್ನು ಬಿಟ್ಟುಬಿಡಬೇಡಿ. ನಿಮಗೆ ಹತ್ತಿರದ ಮಾತೊಂದಿದೆ: ನಿಮ್ಮ ಹಡಗು ನಿಂತಿದ್ದ ನೊವೊರೊಸ್ಸಿಸ್ಕ್‌ನ ಕೊಲ್ಲಿಯಲ್ಲಿಯೇ ತುರ್ಕರ ಇನ್ನೊಂದು ಕೋಟೆ ಸುಜುಕ್ ಕಲೆ ಇತ್ತು. ಫೆರಾ ಅಲಿ ಪಾಷಾ ಮೊದಲು ಬಂದಿಳಿದದ್ದು ಅಲ್ಲಿಗೆ.

ಹೀಗೆ ಕಟ್ಟಿದ ಕೋಟೆ ನಾಲ್ಕು ದಶಕಗಳಲ್ಲಿ ಆರು ಬಾರಿ ದಾಳಿಗೆ ಗುರಿಯಾಯಿತು. 1788ರಲ್ಲಿ ರಷ್ಯದ ಜನರಲ್ ತೆಕೆಲಿ ಗೋಡೆಯ ತನಕ ಬಂದು ಹಿಂದಿರುಗಿದರು. 1790ರಲ್ಲಿ ಬಿಬಿಕೋವ್ ಚಳಿಗಾಲ ಮುಗಿಯುವ ಮೊದಲೇ ಸಾಕಷ್ಟು ದವಸಧಾನ್ಯವಿಲ್ಲದೆ ಹೊರಟು, ಭಾರಿ ಸಾವುನೋವು ಕಂಡು ವಾಪಸಾದರು. 1791ರಲ್ಲಿ ಜನರಲ್ ಗುದೋವಿಚ್ ಏಣಿ ಹಾಕಿ ಕೋಟೆಯನ್ನು ಹಿಡಿದರು. ರಷ್ಯದ ವಿರುದ್ಧ 1785ರಿಂದ ಕಾಕಸಸ್‌ನ ಜನರನ್ನು ಒಗ್ಗೂಡಿಸುತ್ತಿದ್ದ ಚೆಚೆನ್ ನಾಯಕ ಶೇಖ್ ಮನ್ಸೂರ್ ಸೆರೆಯಾದದ್ದು ಅಂದೇ. ಅವರು 1794ರಲ್ಲಿ ಶ್ಲಿಸ್ಸೆಲ್‌ಬುರ್ಗ್ ಕೋಟೆಯ ಸೆರೆಯಲ್ಲಿ ತೀರಿಕೊಂಡರು. ಗೆದ್ದ ಕೋಟೆಯನ್ನು ಗುದೋವಿಚ್ ಕೆಡವಿಸಿ ಹೋದರು. 1792ರ ಯಾಸಿ ಒಪ್ಪಂದದಂತೆ ಅನಾಪಾ ಮತ್ತೆ ತುರ್ಕರ ಕೈಸೇರಿತು, ಅವರು ಮತ್ತೆ ಕಟ್ಟಿದರು. 1807ರಲ್ಲಿ ಪುಸ್ತೋಷ್ಕಿನ್ ಅವರ ನೌಕಾಪಡೆ ಹಿಡಿದು ಹಾಳುಗೆಡವಿತು. 1809ರಲ್ಲಿ ಇನ್ನೊಮ್ಮೆ ರಷ್ಯದ ವಶವಾಯಿತು. 1812ರ ಬುಖಾರೆಸ್ಟ್ ಒಪ್ಪಂದ ಅದನ್ನು ಪುನಃ ಸುಲ್ತಾನರಿಗೆ ಕೊಡಿಸಿತು. ಕೊನೆಗೆ 1828ರಲ್ಲಿ ಸಮುದ್ರದಿಂದ ಅಡ್ಮಿರಲ್ ಗ್ರೇಗ್, ನೆಲದಿಂದ ಪ್ರಿನ್ಸ್ ಮೆನ್ಷಿಕೋವ್ ಮುತ್ತಿ, ತಿಂಗಳಿಗೂ ಹೆಚ್ಚು ಕಾಲ ಬಡಿದ ಮೇಲೆ ಕೋಟೆ ಶರಣಾಯಿತು. ಮರುವರ್ಷದ ಏಡ್ರಿಯಾನೋಪಲ್ ಒಪ್ಪಂದದಲ್ಲಿ ಸುಲ್ತಾನರು ಅದರ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟರು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕರ್ನಾಟಕದ ಓದುಗರಿಗೆ ಈ ಬಾಗಿಲು ಅಷ್ಟೊಂದು ದೂರದ್ದಲ್ಲ. ಅನಾಪಾ ಕೋಟೆ ಎದ್ದಾಗ ಇಸ್ತಾಂಬುಲ್‌ನ ಗದ್ದುಗೆಯ ಮೇಲಿದ್ದವರು ಸುಲ್ತಾನ್ ಒಂದನೆಯ ಅಬ್ದುಲ್ ಹಮೀದ್. ಟಿಪ್ಪು ಸುಲ್ತಾನ್ 1786ರಲ್ಲಿ ನಮ್ಮ ಉತ್ತರ ಕನ್ನಡದ ತದಡಿ ಬಂದರಿನಿಂದ ರಾಯಭಾರಿಗಳನ್ನು ಹಡಗಿನಲ್ಲಿ ಕಳುಹಿಸಿದ್ದು ಇದೇ ಸುಲ್ತಾನರ ಬಳಿಗೆ. ಆ ರಾಯಭಾರಿಗಳು 1787ರ ಕೊನೆಯಲ್ಲಿ ಇಸ್ತಾಂಬುಲ್‌ನ ದರ್ಬಾರಿಗೆ ಹಾಜರಾಗುವ ಹೊತ್ತಿಗೆ ಆಟೊಮನ್ನರು ರಷ್ಯದ ಮೇಲೆ ಯುದ್ಧ ಸಾರಿ ಆಗಿತ್ತು. ಕ್ರಿಮಿಯಾದ ಅದೇ ಜಗಳ, ಅನಾಪಾವನ್ನು ಕಟ್ಟಿಸಿದ ಅದೇ ಭಯ. ಅಂಥ ಹೊತ್ತಿನಲ್ಲಿ ಬ್ರಿಟಿಷರನ್ನು ಎದುರು ಹಾಕಿಕೊಳ್ಳುವ ಮನಸ್ಸು ಸುಲ್ತಾನರಿಗಿರಲಿಲ್ಲ. ಟಿಪ್ಪುವಿಗೆ ಗೌರವದ ಮಾತುಗಳು ಬಂದವು, ಸೈನ್ಯ ಬರಲಿಲ್ಲ. 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸನ ಪಡೆ ಬೆಂಗಳೂರು ಕೋಟೆಯನ್ನು ಹಿಡಿಯಿತು. ಅದಾಗಿ ಮೂರೂವರೆ ತಿಂಗಳು ತುಂಬುವುದರೊಳಗೆ ಅನಾಪಾ ಬಿತ್ತು. ಎರಡು ಕೋಟೆಗಳಲ್ಲಿಯೂ ಇಂದು ಕಾಣಲು ಉಳಿದಿರುವುದು ಮುಖ್ಯವಾಗಿ ಒಂದೊಂದು ಬಾಗಿಲು. ಕೃಷ್ಣರಾಜೇಂದ್ರ ಮಾರುಕಟ್ಟೆಯ ಹತ್ತಿರದ ದೆಹಲಿ ಬಾಗಿಲನ್ನು ನಿಮ್ಮ ಶಾಲೆಯ ಮಕ್ಕಳು ಬೆಂಗಳೂರಿಗೆ ಬಂದಾಗ ನೋಡಬಹುದು. ಹೋಲಿಕೆಗೆ ಅದಕ್ಕಿಂತ ಒಳ್ಳೆಯದು ಸಿಗದು.

ಆ ದೆಹಲಿ ಬಾಗಿಲಿನ ಬಳಿಯ ಗೋಡೆಯಲ್ಲಿ ಒಂದು ಶಿಲಾಫಲಕವಿದೆ. ಗೋಡೆ ಒಡೆದು ಬ್ರಿಟಿಷರು ಒಳನುಗ್ಗಿದ ಜಾಗ ಇದು ಎಂದು ಅದು ಹೇಳುತ್ತದೆ. ಗೋಡೆಯನ್ನು ಕಟ್ಟಿದವರು ಯಾರು, ಒಳಗಿನಿಂದ ಕಾದವರು ಯಾರು ಎಂಬುದರ ಬಗ್ಗೆ ಅದರಲ್ಲಿ ಮಾತಿಲ್ಲ. ‘ರಷ್ಯನ್ ಬಾಗಿಲು’ ಎಂಬ ಹೆಸರೂ ಅದೇ ಬಗೆಯದು. ಅದು ಕಟ್ಟಿದವರನ್ನು ಕುರಿತ ಹೆಸರಲ್ಲ. ಆಟೊಮನ್ ಆಳ್ವಿಕೆಯಿಂದ ಅನಾಪಾ ರಷ್ಯದ ಕೈಗೆ ಬಂದದ್ದರ ಸ್ಮರಣೆಗೆ, ಆಗಲೇ ನಿಂತಿದ್ದ ತುರ್ಕರ ಬಾಗಿಲಿಗೆ ಗೆದ್ದವರು ಇಟ್ಟ ಹೆಸರು. ನಿಮ್ಮ ಟ್ಯಾಕ್ಸಿಯವರು ಸ್ಮರಣೆಯನ್ನು ಸರಿಯಾಗಿಯೇ ಹೇಳಿದ್ದಾರೆ, ಕಟ್ಟಡವನ್ನು ತಪ್ಪಾಗಿ ಹೇಳಿದ್ದಾರೆ. ವಿಜಯದ್ವಾರವೆಂದು ಕಟ್ಟಿದ ಕಮಾನಿಗೆ ಕದ ಬೇಕಿಲ್ಲ, ಎಡಬಲಕ್ಕೆ ಗೋಡೆಯ ಮುಂದುವರಿಕೆ ಬೇಕಿಲ್ಲ. ನಿಮ್ಮ ಎರಡನೆಯ ಚಿತ್ರದಲ್ಲಿ ಕಮಾನಿನ ಎರಡೂ ಕಡೆ ಕೋಟೆಗೋಡೆಯ ತುಂಡು ಕಾಣುತ್ತಿದೆಯಲ್ಲ, ಅದನ್ನೇ ನೋಡಿ.

ಜಿನೋವಾದವರ ಕಥೆಗೂ ಬೇರಿದೆ. ಹದಿನಾಲ್ಕನೆಯ ಶತಮಾನದಲ್ಲಿ ಆ ಜಾಗದಲ್ಲಿ ಜಿನೋವಾದವರ ‘ಮಾಪಾ’ ಎಂಬ ವ್ಯಾಪಾರದ ನೆಲೆ ಇದ್ದದ್ದು ನಿಜ. 1475ರಲ್ಲಿ ಆಟೊಮನ್ನರು ಕಪ್ಪು ಸಮುದ್ರದ ಜಿನೋವಾ ನೆಲೆಗಳನ್ನು ವಶಪಡಿಸಿಕೊಂಡದ್ದೂ ನಿಜ. ಊರು ಹಳೆಯದೆಂದ ಮಾತ್ರಕ್ಕೆ ಬಾಗಿಲೂ ಹಳೆಯದಾಗುವುದಿಲ್ಲ, ಅಷ್ಟೆ. ಊರಿನ ಹಳಮೆ ಬೇಕಿದ್ದರೆ ಇನ್ನೂ ಹಿಂದಕ್ಕೆ ಹೋಗಬಹುದು. ಅನಾಪಾದ ನಡುಮಧ್ಯೆ, ಇಂದಿನ ಬೀದಿಗಳಿಗಿಂತ ಕೆಳಮಟ್ಟದಲ್ಲಿ, ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ಪಟ್ಟಣ ಗೊರ್ಗಿಪ್ಪಿಯಾದ ಬೀದಿಗಳನ್ನೂ ಮನೆಯ ಅಡಿಪಾಯಗಳನ್ನೂ ಅಗೆದು ತೆರೆದು ಬಯಲು ವಸ್ತುಸಂಗ್ರಹಾಲಯ ಮಾಡಿದ್ದಾರೆ. 1975ರಲ್ಲಿ ಅಲ್ಲಿ ಗ್ರೀಕ್ ಪುರಾಣದ ವೀರ ಹೆರಾಕ್ಲಿಸನ ಸಾಹಸಗಳ ಚಿತ್ರಗಳಿದ್ದ ನೆಲದಡಿಯ ಸಮಾಧಿಕೋಣೆಯೊಂದು ಸಿಕ್ಕಿತು. ಸುರಂಗದ ಮಾತಿಗೆ ಬಂದರೆ, ನಾನು ಕೆಲಸ ಮಾಡಿದ ಕೋಟೆಗಳಲ್ಲಿ ಸುರಂಗದ ಕಥೆ ಇಲ್ಲದ ಒಂದನ್ನೂ ಕಾಣಲಿಲ್ಲ. ತೋರಿಸಿ ಎಂದಾಗ ಕಂಡದ್ದು ಮಳೆನೀರಿನ ತೂಬು, ಮದ್ದಿನ ನೆಲಮನೆ, ಇಲ್ಲವೇ ದಿಡ್ಡಿಬಾಗಿಲು. ನೆಲದಡಿಯ ಬೆರಗು ಮಕ್ಕಳಿಗೆ ಬೇಕೆನಿಸಿದರೆ ಗೊರ್ಗಿಪ್ಪಿಯಾದ ಬೀದಿಗಳನ್ನು ಬರೆಯಿರಿ, ಸುರಂಗವನ್ನು ಬಿಡಿ.

ಈಗ ನಿಮ್ಮ ಪ್ರಶ್ನೆಗಳಲ್ಲಿ ನನಗೆ ಬಹಳ ಹತ್ತಿರವಾದದ್ದು: ಇದು ಹಳೆಯದೋ ಹೊಸದೋ. ನನ್ನ ಕೆಲಸದ ಮೊದಲ ವರ್ಷಗಳಲ್ಲಿ ಕೃಷ್ಣಾ ತೀರದ ಒಂದು ಚಿಕ್ಕ ಕೋಟೆಯ ವರದಿ ಬರೆಯುವಾಗ, ಬಾಗಿಲ ಮೇಲಿದ್ದ ಪರ್ಷಿಯನ್ ಶಾಸನದ ವರ್ಷವನ್ನೇ ಬಾಗಿಲಿನ ವರ್ಷವೆಂದು ಬರೆದುಕೊಟ್ಟಿದ್ದೆ. ಎರಡು ಮಳೆಗಾಲ ಕಳೆದು ಗಾರೆ ಉದುರಿದ ಮೇಲೆ ಆ ಶಾಸನದ ಕಲ್ಲಿನ ಹಿಂದೆ ಇನ್ನೊಂದು ಕಮಾನು ಕಂಡಿತು. ಕಲ್ಲು ಬೇರೆ, ಉಳಿಯ ಏಟು ಬೇರೆ, ಹಳೆಯ ಗಚ್ಚು ಬೆರಳಿಗೆ ಸಣ್ಣ ಹರಳಿನಂತೆ ತಾಗುತ್ತಿತ್ತು. ಶಾಸನ ಹೇಳಿದ್ದು ದುರಸ್ತಿಯ ವರ್ಷವನ್ನು. ಅಂದಿನಿಂದ ಹೆಬ್ಬಾಗಿಲಿಗೆ ಒಂದೇ ಹುಟ್ಟಿದ ದಿನ ಕೊಡಲು ನನಗೆ ಧೈರ್ಯ ಬರುವುದಿಲ್ಲ. ಯುದ್ಧದಲ್ಲಿ ಮೊದಲ ಪೆಟ್ಟು ಬೀಳುವುದು ಅದಕ್ಕೆ, ಯುದ್ಧ ಮುಗಿದ ಮೇಲೆ ಮೊದಲು ಸರಿಮಾಡುವುದೂ ಅದನ್ನೇ. ಅನಾಪಾ ಕೋಟೆಯನ್ನು 1791ರಲ್ಲಿಯೂ 1807ರಲ್ಲಿಯೂ ಗೆದ್ದವರು ಬೇಕೆಂದೇ ಕೆಡವಿದ್ದಾರೆ, ಎರಡು ಸಲವೂ ತುರ್ಕರು ಬಂದು ಮತ್ತೆ ನಿಲ್ಲಿಸಿದ್ದಾರೆ. ಅದು ಸಾಲದೆಂಬಂತೆ ಕ್ರಿಮಿಯಾ ಯುದ್ಧದ ನಡುವೆ, 1855ರಲ್ಲಿ, ರಷ್ಯದ ಕಾವಲುಪಡೆಯೇ ಕೋಟೆಯಲ್ಲಿ ಮದ್ದು ಸಿಡಿಸಿ ಹೊರನಡೆಯಿತು. ತುರ್ಕರು ಕೆಲಕಾಲ ಮರಳಿ ಬಂದರು. 1856ರ ಶಾಂತಿ ಒಪ್ಪಂದದ ನಂತರ ಊರು ರಷ್ಯಕ್ಕೇ ಸೇರಿತು. 1860ರಲ್ಲಿ ಕೋಟೆ ಎಂಬ ಅದರ ಸ್ಥಾನವನ್ನೇ ರದ್ದುಮಾಡಿದರು. ಇಷ್ಟೆಲ್ಲ ಕಂಡ ಬಾಗಿಲಿನಲ್ಲಿ 1783ರ ಕಲ್ಲು ಎಷ್ಟು, ನಂತರ ಕೂರಿಸಿದ್ದು ಎಷ್ಟು ಎಂದು ಚಿತ್ರ ನೋಡಿ ಹೇಳುವವರನ್ನು ನಂಬಬೇಡಿ. 1990ರ ದಶಕದ ಮಧ್ಯದಲ್ಲಿ ಅದಕ್ಕೆ ದೊಡ್ಡ ಜೀರ್ಣೋದ್ಧಾರ ನಡೆದಿದೆ. ಚಿತ್ರದಲ್ಲಿ ಸಂದುಗಳು ಅಷ್ಟು ನೇರವಾಗಿ, ಅಂಚುಗಳು ಅಷ್ಟು ಚೊಕ್ಕವಾಗಿ ಕಾಣಲು ಅದೇ ಕಾರಣ, ನಿಮ್ಮ ಗೆಳೆಯರಿಗೆ ಹೊಸದೆನಿಸಿದ್ದೂ ಅದರಿಂದಲೇ. ಜೀರ್ಣೋದ್ಧಾರವಾದ ಹಳೆಯ ಬಾಗಿಲು ಎಂದರೆ ಸಾಕು. ಹೊಸದು ಎಂದರೆ ತಪ್ಪು. ಹಾಗೆಯೇ ಉಳಿದುಬಂದಿದೆ ಎಂದರೂ ತಪ್ಪು.

ಮತ್ತೊಮ್ಮೆ ಅಲ್ಲಿಗೆ ಹೋಗುವ ಅವಕಾಶ ಸಿಕ್ಕರೆ ಕಮಾನಿನ ನೆತ್ತಿಯನ್ನು ಬಿಟ್ಟು ಕೆಳಗೆ ನೋಡಿ. ನಮ್ಮ ಕಡೆಯ ಹೆಬ್ಬಾಗಿಲುಗಳಲ್ಲಿ ಮೊಳಕಾಲಿನ ಎತ್ತರದಲ್ಲಿ, ಬಂಡಿಯ ಗಾಲಿಯ ಗುಂಬ ತಲೆಮಾರುಗಟ್ಟಲೆ ಉಜ್ಜಿ ಉಜ್ಜಿ ಕಲ್ಲಿನಲ್ಲಿ ಬಟ್ಟಲಿನಂತಹ ತಗ್ಗು ಬಿದ್ದಿರುತ್ತದೆ. ಕೈಯಿಟ್ಟರೆ ನುಣ್ಣಗೆ, ತಣ್ಣಗೆ ಇರುತ್ತದೆ. ಹೊಸ್ತಿಲ ಮೂಲೆಯಲ್ಲಿ ಕದ ತಿರುಗುತ್ತಿದ್ದ ಕುಳಿ, ಗೋಡೆಯೊಳಗೆ ಅಡ್ಡಮರವನ್ನು ಸರಿಸುತ್ತಿದ್ದ ಚೌಕದ ತೂತು ಇರುತ್ತವೆ. ಜೀರ್ಣೋದ್ಧಾರದವರು ಸಾಮಾನ್ಯವಾಗಿ ಕಣ್ಣಿಗೆ ಕಾಣುವ ಮೇಲ್ಭಾಗವನ್ನು ತಿದ್ದುತ್ತಾರೆ. ಹಳೆಯ ಗುರುತುಗಳು ಸಿಗುವುದಿದ್ದರೆ ಇಂಥ ಕಡೆಗಳಲ್ಲಿ.

ಬಾಗಿಲ ಬಳಿಯ ಫಿರಂಗಿಗಳ ಚಿತ್ರವನ್ನೂ ಕಳುಹಿಸಿದ್ದೀರಿ. ಅವುಗಳ ಕೆಳಗೆ ‘ಈ ಕೋಟೆಯ ಫಿರಂಗಿಗಳು’ ಎಂದು ಬರೆಯಬೇಡಿ. ಸ್ಮಾರಕದ ಮುಂದೆ ಶೋಭೆಗೆಂದು ಇರಿಸಿದ ಫಿರಂಗಿ ಆ ಗೋಡೆಯ ಮೇಲೆಯೇ ಇದ್ದದ್ದೆಂದು ಹೇಳಲು ಅದರ ಮೈಮೇಲಿನ ಗುರುತನ್ನು ಓದಬೇಕು. ವಿಜಯಪುರದ ಮುಲ್ಕ್ ಮೈದಾನ ತೋಪನ್ನೇ ನೋಡಿ. ಅದನ್ನು 1549ರಲ್ಲಿ ಎರಕ ಹೊಯ್ದದ್ದು ಅಹಮದ್‌ನಗರದಲ್ಲಿ, ಹೊಯ್ದವರು ತುರ್ಕರ ನಾಡಿನಿಂದ ಬಂದಿದ್ದ ರೂಮಿ ಎಂಬ ಹೆಸರಿನ ಕುಶಲಿ. ವಿಜಯಪುರಕ್ಕೆ ಅದು ಬಂದದ್ದು ಸುಮಾರು ಎಂಟು ದಶಕಗಳ ನಂತರ.

ಉಳಿದವೆಲ್ಲ ಹೋಗಿ ಈ ಬಾಗಿಲು ಮಾತ್ರ ಏಕೆ ಉಳಿಯಿತು ಎಂದು ನೀವು ಕೇಳಿಲ್ಲ, ಮಕ್ಕಳು ಕೇಳುತ್ತಾರೆ. ಕೋಟೆಯ ಕೆಲಸ ಮುಗಿದ ಮೇಲೆ ಅದರ ಗೋಡೆ ಊರಿನವರಿಗೆ ಕಲ್ಲಿನ ಗಣಿಯಾಗುತ್ತದೆ. ಕೆತ್ತಿದ ಕಲ್ಲು ಕೈಗೆಟಕುವಲ್ಲಿ ಇರುವಾಗ ಮನೆ ಕಟ್ಟುವವರು ಬೆಟ್ಟಕ್ಕೇಕೆ ಹೋಗುತ್ತಾರೆ? ಮಣ್ಣಿನ ಏರಿಯನ್ನು ಅಗೆದು ಕಂದಕಕ್ಕೆ ತುಂಬಿದರೆ ರಸ್ತೆಗೆ ಸಮತಟ್ಟಾದ ಜಾಗವೂ ಸಿಗುತ್ತದೆ. ಹೆಬ್ಬಾಗಿಲಿನ ಸ್ಥಿತಿ ಬೇರೆ, ಅದರೊಳಗೆ ಆಗಲೇ ದಾರಿಯಿದೆ, ಜನ ಓಡಾಡುತ್ತಾರೆ, ಹೆಸರಿದೆ. ಬೆಂಗಳೂರಿನಲ್ಲಿ ಕೋಟೆಯ ಗೋಡೆಗಳನ್ನು ರಸ್ತೆ, ಶಾಲೆ, ಆಸ್ಪತ್ರೆಗಳು ನುಂಗಿದ್ದು ಹೀಗೆಯೇ. ಅನಾಪಾದಲ್ಲಿ ಗೆದ್ದವರು ಇಟ್ಟ ಹೆಸರು ತುರ್ಕರ ಬಾಗಿಲಿಗೆ ರಕ್ಷಣೆಯಾಯಿತು ಎಂಬುದು ನನ್ನ ಅಭಿಪ್ರಾಯ. ಅದನ್ನು ಶತ್ರುವಿನ ಕೋಟೆಯ ಅವಶೇಷವೆಂದೇ ಕರೆದಿದ್ದರೆ ಅದೂ ಯಾವುದೋ ಮನೆಯ ಅಡಿಪಾಯ ಸೇರಿರುತ್ತಿತ್ತು.

ಹೆಸರಿನ ಆಯ್ಕೆ. ಬರೀ ‘ರಷ್ಯನ್ ಬಾಗಿಲು’ ಎಂದು ಬರೆದರೆ ಹುಡುಕುವವರಿಗೆ ಸಿಗುತ್ತದೆ, ಏಕೆಂದರೆ ಅಲ್ಲಿಯ ನಕ್ಷೆ, ಫಲಕಗಳಲ್ಲಿರುವುದು ಅದೇ. ಆದರೆ ಓದಿದವರೆಲ್ಲ ರಷ್ಯನ್ನರು ಕಟ್ಟಿದ್ದೆಂದೇ ತಿಳಿಯುತ್ತಾರೆ. ‘ತುರ್ಕಿ ಬಾಗಿಲು’ ಎಂದು ನೀವೇ ಹೆಸರಿಟ್ಟರೆ ಕಟ್ಟಿದವರಿಗೆ ನ್ಯಾಯ ಸಿಗುತ್ತದೆ, ಆದರೆ ಆ ಹೆಸರಿನ ಜಾಗ ಅಲ್ಲಿ ಯಾರಿಗೂ ಗೊತ್ತಿಲ್ಲ, ಮುಂದೆ ಹೋಗುವ ಓದುಗರು ದಾರಿ ತಪ್ಪುತ್ತಾರೆ. ಹೆಸರನ್ನೇ ಬಿಟ್ಟು ‘ಅನಾಪಾದ ಕೋಟೆಬಾಗಿಲು’ ಎಂದರೆ ಯಾವ ತಕರಾರೂ ಇಲ್ಲ, ಆದರೆ ಆ ಹೆಸರಿನಲ್ಲಿ ಅಡಗಿರುವ ಚರಿತ್ರೆಯೂ ಕೈತಪ್ಪುತ್ತದೆ. ನನ್ನ ಸಲಹೆ: ಚಾಲ್ತಿಯ ಹೆಸರನ್ನೇ ಇಡಿ, ಆದರೆ ಅದು ಮೊದಲು ಬರುವ ವಾಕ್ಯದಲ್ಲಿಯೇ ಕಟ್ಟಿದವರನ್ನೂ ಹೇಳಿಬಿಡಿ. ಮುಂದಿನ ಪುಟಕ್ಕೆ ಬಿಡಬೇಡಿ, ಸ್ಮರಣ ಸಂಚಿಕೆಯಲ್ಲಿ ಬಹಳ ಜನ ಚಿತ್ರದ ಕೆಳಗಿನ ಸಾಲನ್ನು ಮಾತ್ರ ಓದುತ್ತಾರೆ.

‘ವಿಮೋಚನೆ’ ಎಂಬ ಪದವನ್ನು ಉದ್ಧರಣ ಚಿಹ್ನೆಯಿಲ್ಲದೆ ಬಳಸಬೇಡಿ. ಅದು ರಷ್ಯದ ಕಡೆಯ ಮಾತು. ತುರ್ಕರಿಗೆ ಅದು ಸೋಲು. ಮೂರನೆಯವರು ಸಿರ್ಕಾಸಿಯನ್ನರು. ಅದು ಅವರ ನೆಲ. ತಾವು ಎಂದೂ ಪೂರ್ತಿ ಆಳದಿದ್ದ ಬೆಟ್ಟಗಳನ್ನು ಸುಲ್ತಾನರು 1829ರಲ್ಲಿ ಕಾಗದದ ಮೇಲೆ ರಷ್ಯಕ್ಕೆ ಬರೆದುಕೊಟ್ಟದ್ದನ್ನು ಸಿರ್ಕಾಸಿಯನ್ನರು ಒಪ್ಪಲಿಲ್ಲ. ಮುಂದೆ ಮೂವತ್ತೈದು ವರ್ಷ ಹೋರಾಡಿದರು. 1864ರಲ್ಲಿ ಆ ಯುದ್ಧ ಮುಗಿದಾಗ ಲಕ್ಷಾಂತರ ಜನ ಊರುಮನೆ ಬಿಟ್ಟು, ಈ ತೀರದ ಬಂದರುಗಳಿಂದ ಹಡಗು ಹತ್ತಿ ಆಟೊಮನ್ ನಾಡಿಗೆ ಹೋಗಬೇಕಾಯಿತು. ದಾರಿಯಲ್ಲಿಯೂ ಇಳಿದ ಕಡೆಯಲ್ಲಿಯೂ ಹಸಿವಿನಿಂದ, ರೋಗದಿಂದ ಸತ್ತವರು ಅಪಾರ. ಪ್ರತಿ ವರ್ಷ ಮೇ 21ರಂದು ಅವರ ಸಂತತಿಯವರು ಇಂದಿಗೂ ಆ ಶೋಕವನ್ನು ಆಚರಿಸುತ್ತಾರೆ. ‘1828ರಲ್ಲಿ ಕೋಟೆ ರಷ್ಯದ ವಶವಾಯಿತು’ ಎಂದರೆ ನಡೆದದ್ದನ್ನು ಹೇಳಿದಂತಾಯಿತು, ಯಾರ ಸತ್ತವರಿಗೂ ಅಗೌರವ ಮಾಡಿದಂತಾಗಲಿಲ್ಲ.

ತಾರೀಖಿನ ವಿಷಯದಲ್ಲಿ ಒಂದು ಎಚ್ಚರಿಕೆ. ಆ ಕಾಲದ ರಷ್ಯ ಹಳೆಯ ಜೂಲಿಯನ್ ಪಂಚಾಂಗವನ್ನು ಬಳಸುತ್ತಿತ್ತು. ಅದು ನಮ್ಮ ಇಂದಿನ ಕ್ಯಾಲೆಂಡರಿಗಿಂತ ಹದಿನೆಂಟನೆಯ ಶತಮಾನದಲ್ಲಿ 11 ದಿನ, ಹತ್ತೊಂಬತ್ತನೆಯದರಲ್ಲಿ 12 ದಿನ ಹಿಂದೆ. ಆದ್ದರಿಂದ ಗುದೋವಿಚ್ ಕೋಟೆ ಹಿಡಿದ ದಿನವನ್ನು ಒಂದು ಕಡೆ ಜೂನ್ 22 ಎಂದೂ ಇನ್ನೊಂದು ಕಡೆ ಜುಲೈ 3 ಎಂದೂ, 1828ರ ಶರಣಾಗತಿಯನ್ನು ಜೂನ್ 12 ಎಂದೂ ಜೂನ್ 24 ಎಂದೂ ಕಾಣುತ್ತೀರಿ. ಎರಡೂ ಸರಿ. ಬೆಂಗಳೂರಿನ ಮಾರ್ಚ್ 21ರ ಜೊತೆ ಹೋಲಿಸುವುದಾದರೆ ಜುಲೈ 3ನ್ನೇ ಹಾಕಿ, ಇಲ್ಲದಿದ್ದರೆ ಎಣಿಕೆ ತಪ್ಪುತ್ತದೆ.

ಚಿತ್ರದ ಕೆಳಗೆ ಹಾಕಲು ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ, ಬೇಕಿದ್ದರೆ ತಿದ್ದಿಕೊಳ್ಳಿ: ‘ಕಪ್ಪು ಸಮುದ್ರ ತೀರದ ಅನಾಪಾದಲ್ಲಿ ಆಟೊಮನ್ ತುರ್ಕರು 1780ರ ದಶಕದ ಆರಂಭದಲ್ಲಿ ಕಟ್ಟಿದ ಕೋಟೆಯ ಉಳಿದಿರುವ ಹೆಬ್ಬಾಗಿಲು. 1828ರಲ್ಲಿ ಕೋಟೆ ರಷ್ಯದ ವಶವಾಯಿತು, ಅದರ ನೆನಪಿಗೆ ಇದಕ್ಕೆ ರಷ್ಯನ್ ಬಾಗಿಲು ಎಂಬ ಹೆಸರು ಬಂತು. 1990ರ ದಶಕದಲ್ಲಿ ಜೀರ್ಣೋದ್ಧಾರವಾಗಿದೆ.’ ಜೊತೆಗೆ ನಿಮ್ಮ ಎರಡನೆಯ ಚಿತ್ರವನ್ನೇ ಹಾಕಿ. ಮೊದಲನೆಯದರಲ್ಲಿ ಕಮಾನು ಚೆನ್ನಾಗಿ ಕಾಣುತ್ತದೆ, ಆದರೆ ಎರಡನೆಯದರಲ್ಲಿ ಗೋಡೆ ಎಲ್ಲಿ ನಿಂತುಹೋಗಿದೆ ಎಂಬುದು ಕಾಣುತ್ತದೆ.